ಬೋನಿ ರೈಟರು ಕೊಟ್ಟ ಒಂದೇ ಒಂದು ಮಾತು

ಮೊನ್ನೆ ಜಾವಳಿ ಕಡೆಯ ನನ್ನ ತವರಿನ ತೋಟಕ್ಕೆ ಹೋಗಿದ್ದೆ. ಕಾರಿನಿಂದ ಇಳಿದು ಎರಡು ಹೆಜ್ಜೆ ಇಟ್ಟಿಲ್ಲ, ಕಣದ ಕಡೆಯಿಂದ ಅರೆ ಒಣಗಿದ ಪಾರ್ಚ್‌ಮೆಂಟ್ ಕಾಫಿಯ ಹುಳಿ ವಾಸನೆ ಬಂತು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಬಿಸಿಲಿಗೆ ಹರಡಿದ ಬೀಜಕ್ಕೆ ಮೊದಲ ಎರಡು ದಿನ ಇರುವ ವಾಸನೆ ಅದು. ಬೇರೆಯವರಿಗೆ ಅದರಿಂದ ತವರು ನೆನಪಾಗಿ ಕಣ್ಣು ತುಂಬಿ ಬರುತ್ತದೋ ಏನೋ, ನನಗೆ ಸಿಟ್ಟು ಬರುತ್ತದೆ. ವಯಸ್ಸು ಎಂಬತ್ತರ ಹತ್ತಿರ ಬಂದರೂ ಬರುತ್ತದೆ. ತಮ್ಮನ ಮಗ ಓಡಿ ಬಂದು "ಯಾಕತ್ತೆ ಮುಖ ಹಂಗ್ ಮಾಡ್ಕೊಂಡ್ರಿ? ತಲೆ ಸುತ್ತುತಾ?" ಎಂದ. "ತಲೆ ಸುತ್ತೂ ಇಲ್ಲ ಎಂಥದೂ ಇಲ್ಲ. ಬೋನಿ ರೈಟ್ರು ನೆನಪಾದ್ರು" ಎಂದೆ. ಅವನಿಗೆ ಯಾವ ಬೋನಿ, ಯಾವ ರೈಟರು? ಪಾಪ, ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು.

ಸ್ವಾತಂತ್ರ್ಯ ಬರುವುದಕ್ಕೆ ಆಗ ಇನ್ನೂ ಹತ್ತು ಹನ್ನೊಂದು ವರ್ಷವಿತ್ತು. ನನಗೆ ಹದಿನೇಳು. ಮೂಡಿಗೆರೆಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಅಷ್ಟು ಓದಿದ್ದೇ ದೊಡ್ಡದು. ಆದರೆ ನನಗೆ ಮೆಟ್ರಿಕ್ ಪಾಸು ಮಾಡಬೇಕು, ಮೈಸೂರಿಗೆ ಹೋಗಿ ಕಾಲೇಜು ಸೇರಬೇಕು, ಟೀಚರಾಗಬೇಕು ಎಂಬ ಹುಚ್ಚು ಹಿಡಿದಿತ್ತು. ಅಪ್ಪಯ್ಯ ಇಂಥದ್ದಕ್ಕೆ ಬೇಡ ಅನ್ನುವ ಜನ ಅಲ್ಲ, ಹೂಂ ಅನ್ನುವ ಜನವೂ ಅಲ್ಲ. ಅರವತ್ತು ಎಕರೆ ಕಾಫಿ ತೋಟ, ಅದರ ತಲೆಬಿಸಿಯಲ್ಲೇ ಮುಳುಗಿದ್ದವರು. "ಮನೇಲೇ ಕೂತು ಓದ್ಕ, ಯಾರು ಬೇಡ ಅಂದ್ರು?" ಎಂದರು. ಮನೆಯಲ್ಲಿ ಕೂತು ಓದಿ ಪರೀಕ್ಷೆಗೆ ಕಟ್ಟುವ ಅವಕಾಶ ಇತ್ತು. ಇಂಗ್ಲಿಷು, ಕನ್ನಡ, ಲೆಕ್ಕ, ಚರಿತ್ರೆ ಇವುಗಳ ಜೊತೆ ಇನ್ನೊಂದು ಹಳೆಯ ಭಾಷೆ ಬೇಕಿತ್ತು. ಸಂಸ್ಕೃತವಾದರೂ ಆಗಬಹುದು, ಲ್ಯಾಟಿನ್ ಆದರೂ ಆಗಬಹುದು. ಸಂಸ್ಕೃತ ಬಲ್ಲ ಶಾಸ್ತ್ರಿಯೊಬ್ಬರನ್ನು ಅಪ್ಪಯ್ಯ ಕೇಳಿಸಿದರೆ, ಹೆಣ್ಣುಮಕ್ಕಳಿಗೆ, ಅದರಲ್ಲೂ ಗೌಡರ ಹೆಣ್ಣುಮಕ್ಕಳಿಗೆ ಹೇಳಿಕೊಡುವ ಕ್ರಮ ತಮ್ಮಲ್ಲಿಲ್ಲ ಎಂದು ಹೇಳಿ ಕಳಿಸಿದರು. ಉಳಿದದ್ದು ಲ್ಯಾಟಿನ್. ಆ ಗುಡ್ಡಗಾಡಿನಲ್ಲಿ ಲ್ಯಾಟಿನ್ ಯಾರಿಗೆ ಬರಬೇಕು?

ಬರುತ್ತಿತ್ತು. ನಮ್ಮ ತೋಟದ ರೈಟರಿಗೇ ಬರುತ್ತಿತ್ತು.

ಬೋನಿಫಾಸ್ ಎಂದು ಅವರ ಹೆಸರು. ಎಲ್ಲರ ಬಾಯಲ್ಲೂ ಬೋನಿ ರೈಟರು. ಮಂಗಳೂರು ಕಡೆಯ ಕೊಂಕಣಿ ಕ್ರಿಸ್ತರು, ಆಗ ನಲವತ್ತು ದಾಟಿತ್ತು. ಪಾದ್ರಿಯಾಗಬೇಕೆಂದು ಎಂಟು ವರ್ಷ ಗುರುಮಠದಲ್ಲಿ ಓದಿ, ಇನ್ನೇನು ದೀಕ್ಷೆ ಎನ್ನುವಾಗ ಬಿಟ್ಟು ಬಂದವರು. ಯಾಕೆ ಬಿಟ್ಟರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಘಟ್ಟ ಹತ್ತಿ ಬಂದು ನಮ್ಮಲ್ಲಿ ಆಳುಗಳ ಹಾಜರಿ ಬರೆದುಕೊಂಡು, ಕೊಯ್ಲಿನ ದಿನಗಳಲ್ಲಿ ಕಣ ನೋಡಿಕೊಂಡು ಇದ್ದರು. ಒಳ್ಳೆಯ ಮನುಷ್ಯ. ಕೆಟ್ಟ ಮಾತಿಲ್ಲ, ಕೆಟ್ಟ ಚಟವಿಲ್ಲ. ಆದರೆ ಅವರಿಗೆ ಒಂದು ರೋಗ ಇತ್ತು. ಆ ಬಾಯಿಂದ 'ಹೌದು' ಎಂಬ ಮಾತೂ ಬರುತ್ತಿರಲಿಲ್ಲ, 'ಇಲ್ಲ' ಎಂಬ ಮಾತೂ ಬರುತ್ತಿರಲಿಲ್ಲ.

ಮೇಸ್ತ್ರಿ ಕಣದಿಂದ "ರೈಟ್ರೇ, ಕಾಫಿ ಒಣಗೈತಾ ನೋಡಿ, ತುಂಬಿಸ್ತೀನಿ" ಅನ್ನುತ್ತಿದ್ದ. ರೈಟರು ಒಂದು ಬೀಜ ಬಾಯಿಗೆ ಹಾಕಿ ಕಚ್ಚಿ, ತೆಗೆದು, ಹಲ್ಲಿನ ಗುರುತು ಬಿದ್ದಿದೆಯೋ ಇಲ್ಲವೋ ಎಂದು ತಿರುಗಿಸಿ ತಿರುಗಿಸಿ ನೋಡಿ "ಒಣಗಿದ ಹಾಗೆ ಕಾಣ್ತದೆ" ಅನ್ನುತ್ತಿದ್ದರು. "ಹಂಗಾರೆ ತುಂಬಿಸ್ಲಾ?" "ತುಂಬಿಸ್ಬಹುದು ಅಂತ ಕಾಣ್ತದೆ." ಮೇಸ್ತ್ರಿ ಹಣೆ ಚಚ್ಚಿಕೊಂಡು ತಾನೇ ಒಂದು ಬೀಜ ಕಚ್ಚಿ ನೋಡುತ್ತಿದ್ದ. ಅವ್ವ ಜಗಲಿಯಲ್ಲಿ ಅವರಿಗೆ ಊಟಕ್ಕೆ ಬಡಿಸುತ್ತಾ "ಸಾರಿಗೆ ಉಪ್ಪು ಸಾಕಾ ರೈಟ್ರೇ?" ಎಂದು ಕೇಳಿದರೂ ಅದೇ ಕಥೆ. "ಸಾಕು ಅನ್ನುವ ಹಾಗೆ ಕಾಣ್ತದೆ ಅಮ್ಮ." ಅವ್ವನಿಗೆ ರೇಗಿ ಹೋಗುತ್ತಿತ್ತು. "ಕಾಣಕ್ಕೆ ನೀವೇನು ಕಣ್ಣಾಗೆ ಉಣ್ತೀರಾ? ನಾಲಿಗೆಗೆ ಏನಾಗಿದೆ?"

ಇದೇನೋ ಹುಟ್ಟುಗುಣ ಎಂದು ನಾವು ತಿಳಿದಿದ್ದೆವು. ಅಲ್ಲ, ಅದೊಂದು ಶಾಸ್ತ್ರ ಎಂದು ಗೊತ್ತಾದದ್ದು ನನಗೆ ಪಾಠ ಶುರುವಾದ ಮೇಲೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರ ದೇಶದಲ್ಲಿ ಸಂಶಯವಾದಿಗಳ ಒಂದು ಪಂಗಡ ಇತ್ತಂತೆ. ಯಾವ ಮಾತಿಗೂ ಅಷ್ಟೇ ತೂಕದ ಎದುರು ಮಾತೊಂದು ಇದ್ದೇ ಇರುತ್ತದೆ, ಹಾಗಾಗಿ ಇದು ಹೀಗೇ ಎಂದು ತೀರ್ಪು ಕೊಡಲು ಹೋಗಬಾರದು ಎಂದು ಅವರ ವಾದ. ಹಾಗಾದರೆ ಬದುಕುವುದು ಹೇಗೆ? ಕಂಡದ್ದನ್ನು ಕಂಡಷ್ಟಕ್ಕೆ ಇಟ್ಟುಕೊಂಡು, ಊರಿನ ಪದ್ಧತಿಯಂತೆ ನಡೆದು, ಕಲಿತ ಕಸುಬು ಮಾಡಿಕೊಂಡಿದ್ದರಾಯಿತಂತೆ. ಹಟ ಹಿಡಿಯದವನ ಮನಸ್ಸಿಗೆ ಶಾಂತಿ ತಾನಾಗಿ ಬರುತ್ತದಂತೆ. ಗುರುಮಠದಲ್ಲಿ ಓದುವಾಗ, ಇಂಥವರನ್ನು ಖಂಡಿಸಲಿಕ್ಕೆಂದು ಕೊಟ್ಟ ಪುಸ್ತಕದಲ್ಲೇ ರೈಟರು ಇವರನ್ನು ಓದಿ, ಖಂಡಿಸುವುದು ಬಿಟ್ಟು ಅವರ ಕಡೆಗೇ ವಾಲಿಬಿಟ್ಟರು.

"ನೋಡು ಕಾವೇರಿ," ಎಂದು ಒಂದು ದಿನ ಶುರು ಮಾಡಿದರು, "ದೇವರಮನೆ ಗುಡ್ಡ ಇಲ್ಲಿಂದ ಯಾವ ಬಣ್ಣ?"

"ನೀಲಿ."

"ಹತ್ತಿ ಹೋದ್ರೆ?"

"ಹಸಿರು."

"ಹಾಗಾದ್ರೆ ಗುಡ್ಡದ ಬಣ್ಣ ಯಾವುದು?"

"ಬೇಸಿಗೇಲಿ ಹೋಗಿ ನೋಡಿ ರೈಟ್ರೇ, ಹುಲ್ಲೆಲ್ಲ ಒಣಗಿ ಕಂದು."

"ಆಹಾ! ಮೂರನೆಯದೂ ಸಿಕ್ಕಿತು!" ಎಂದು ಖುಷಿಯಿಂದ ತೊಡೆ ತಟ್ಟಿಕೊಂಡರು. ನಾನು ಅವರ ಬಾಯಿ ಮುಚ್ಚಿಸಿದೆ ಎಂದುಕೊಂಡಿದ್ದರೆ ಅವರಿಗೇ ಇನ್ನೊಂದು ಕಡುಬು ಬಡಿಸಿದಂತಾಗಿತ್ತು.

ಪಾಠ ನಡೆಯುತ್ತಿದ್ದುದು ಕಣದ ಮೂಲೆಯಲ್ಲಿ, ನೇರಳೆ ಮರದ ನೆರಳಲ್ಲಿ. ಜೂನಿನಲ್ಲೇ ಶುರುವಾದ ಪಾಠ, ಈಗ ಡಿಸೆಂಬರ್ ತಿಂಗಳು. ಹೆಣ್ಣಾಳುಗಳು ಸಾಲಾಗಿ ನಿಂತು ಮರದ ಹಲಗೆಯಿಂದ ಕಾಫಿ ಕೆದಕಿ ಮಗುಚುತ್ತಿದ್ದರು. ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಶಬ್ದರೂಪಗಳನ್ನು ಉರು ಹೊಡೆಯುವಾಗ ಬೇಸರವಾಗುತ್ತಿದ್ದುದು ನಿಜ. ಆದರೆ ಪದ್ಯಕ್ಕೆ ಬಂದೆವು ನೋಡಿ, ನಾನು ಬೇರೆಯೇ ಆಗಿಹೋದೆ. ಹಳಗನ್ನಡಕ್ಕೆ ಗುರು ಲಘು ಹಾಕಿ ಗೊತ್ತಿದ್ದವಳಿಗೆ ಲ್ಯಾಟಿನ್ ಪದ್ಯವೂ ಗುರು ಲಘುವಿನ ಮೇಲೇ ನಡೆಯುತ್ತದೆಂದು ತಿಳಿದಾಗ ಆದ ಸಂತೋಷ ಇಷ್ಟೇ ಅಂತಿಲ್ಲ. ಒಂದು ಗುರು, ಎರಡು ಲಘು, ಇಲ್ಲವೇ ಎರಡು ಗುರು, ಹೀಗೆ ಸಾಲಿಗೆ ಆರು ಗಣ. ರೈಟರು ಹಲಗೆಯ ಹಿಡಿಯಿಂದ ನೆಲಕ್ಕೆ ತಾಳ ಕುಟ್ಟುತ್ತಾ ಹೇಳಿಕೊಡುತ್ತಿದ್ದರು. ಸ್ವಲ್ಪ ದಿನದಲ್ಲಿ ಹೆಣ್ಣಾಳುಗಳ ಕೈಯೂ ಅದೇ ತಾಳಕ್ಕೆ ಬಿತ್ತು. "ಏನವ್ವಾ ಅದು ನಿಮ್ಮ ಮಂತ್ರ, ಕೈ ತಾನಾಗೇ ಓಡ್ತದೆ!" ಎಂದು ನಗುತ್ತಿದ್ದರು.

ಆ ಕವಿಗಳು ಉಳುಮೆಯ ಮೇಲೆ, ಎತ್ತುಗಳ ಮೇಲೆ, ಜೇನಿನ ಮೇಲೆಲ್ಲಾ ಪದ್ಯ ಬರೆದಿದ್ದರು. ಮಳೆ ಬರುವ ಮೊದಲು ಹಕ್ಕಿಗಳು ಏನು ಮಾಡುತ್ತವೆ, ಆಕಾಶದ ಯಾವ ಬಣ್ಣಕ್ಕೆ ಗಾಳಿ ಬೀಸುತ್ತದೆ ಎಂದು ನಮ್ಮ ಮೇಸ್ತ್ರಿಯ ಹಾಗೆಯೇ ಎದೆ ತಟ್ಟಿ ಹೇಳುತ್ತಿದ್ದರು. ನಾನು ಕೇಳಿದೆ: "ನಿಮಗೆ ಯಾವುದೂ ಖಂಡಿತ ಇಲ್ಲ. ಇವರಿಗೆ ಎಲ್ಲಾ ಖಂಡಿತ. ಮತ್ತೆ ಇವರ್ನ ಯಾಕೆ ಇಷ್ಟು ಪ್ರೀತಿಯಿಂದ ಓದ್ತೀರಿ?" ರೈಟರು ತಲೆ ಕೆರೆದುಕೊಂಡು "ಹಾಡುವವನ ಹತ್ರ ಸಾಕ್ಷಿ ಕೇಳುವ ಪದ್ಧತಿ ಎಲ್ಲಿ ಉಂಟು ಮಾರಾಯ್ತಿ?" ಎಂದರು. ಆ ಉತ್ತರ ಇವತ್ತಿಗೂ ನನಗೆ ಇಷ್ಟ. ಅದನ್ನು ಒಪ್ಪಿಕೊಳ್ಳಲಿಕ್ಕೂ ಸಿಟ್ಟು ಬರುತ್ತದೆ.

ಲ್ಯಾಟಿನ್ ಹೀಗೆ ಸಾಗಿತು. ಅವರೇ ಹೇಳಿಕೊಡುತ್ತಿದ್ದ ಇಂಗ್ಲಿಷು, ಚರಿತ್ರೆಯೂ ತಕ್ಕಮಟ್ಟಿಗೆ ಬಂತು. ಲೆಕ್ಕ ಮಾತ್ರ ಅಯ್ಯೋ! ತೊಟ್ಟಿಗೆ ಎರಡು ಕೊಳವೆಯಿಂದ ನೀರು ತುಂಬುತ್ತದೆ, ಮೂರನೆಯದರಿಂದ ಸೋರುತ್ತದೆ, ತೊಟ್ಟಿ ಎಷ್ಟು ಹೊತ್ತಿಗೆ ತುಂಬೀತು ಎಂದು ಕೇಳಿದರೆ, ಮೊದಲು ಆ ಸೋರುವ ಕೊಳವೆ ಮುಚ್ಚಿ ಅನ್ನುವವಳು ನಾನು. ರೈಟರು ಅದಕ್ಕೂ ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜನವರಿಯಲ್ಲಿ ಕಳಸದ ಕಡೆಯಿಂದ ಪುಟ್ಟೇಗೌಡರು ಎಂಬವರು ತಮ್ಮ ಮಗನಿಗೆ ನನ್ನನ್ನು ಕೇಳಿಕೊಂಡು ಬಂದರು. ದೊಡ್ಡ ಮನೆತನ. ಕಾಫಿ, ಏಲಕ್ಕಿ ಎರಡೂ ಇತ್ತು. ಹುಡುಗನೂ ಬಂದಿದ್ದ. ಕಣ್ಣೆತ್ತಿ ನೋಡುವ ಧೈರ್ಯವಿಲ್ಲದ ಸಾಧು. ಅವನ ಮೇಲೆ ನನಗೆ ಏನೂ ಇರಲಿಲ್ಲ. ಆದರೆ ಇಪ್ಪತ್ತೈದು ಜನರ ಆ ಮನೆಗೆ ಸೊಸೆಯಾಗಿ ಹೋದ ಮೇಲೆ ಪರೀಕ್ಷೆಯೂ ಇಲ್ಲ, ಮೈಸೂರೂ ಇಲ್ಲ. ಅದನ್ನು ಅವರು ಬಾಯಿಬಿಟ್ಟೇ ಹೇಳಿದರು. "ವೈಶಾಖಕ್ಕೆ ಮದ್ವೆ ಆಗ್ಬೇಕು. ಪರೀಕ್ಷೆಗಿರೀಕ್ಷೆ ಎಲ್ಲ ನಮ್ಮನೇಲಿ ನಡೆಯಲ್ಲ. ಹದಿನೈದು ದಿನ ಬಿಟ್ಟು ಬರ್ತೀನಿ, ವೀಳ್ಯ ಕೊಡೋದಾದ್ರೆ ಕೊಡಿ" ಎಂದು ಹೇಳಿ ಹೋದರು.

ನಮ್ಮ ಕಡೆ ಮಾತಿಗೆ ವೀಳ್ಯ ಬೇಕು. ಸುಮ್ಮನೆ ಬಾಯಲ್ಲಿ ಆಡಿದ್ದಕ್ಕೆ ಬೆಲೆ ಇಲ್ಲ. ಎಲೆ ಅಡಿಕೆ ಕೈಯಲ್ಲಿ ಹಿಡಿದು, ನಾಲ್ಕು ಜನರೆದುರು ಮಾತು ಹೇಳಿ, ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆಮೇಲೆ ಆಕಾಶ ಕಳಚಿ ಬಿದ್ದರೂ ಅದನ್ನು ನಡೆಸಬೇಕು. ಘಟ್ಟದ ಕೆಳಗಿನ ಆಳುಗಳು ಮುಂದಿನ ಕೊಯ್ಲಿಗೆ ಬರುತ್ತೇವೆ ಎಂದು ಒಪ್ಪುವುದೂ ಹೀಗೆಯೇ, ಹೆಣ್ಣು ಕೊಡುವುದೂ ಹೀಗೆಯೇ.

ಅಪ್ಪಯ್ಯ ಎರಡು ದಿನ ಯೋಚನೆ ಮಾಡಿದರು. ಮೂರನೇ ದಿನ ರೈಟರನ್ನು ಜಗಲಿಗೆ ಕರೆಸಿದರು. ನಾನು ಒಳಬಾಗಿಲ ಹಿಂದೆ.

"ನೋಡಿ ರೈಟ್ರೇ, ಈ ಸಂಬಂಧ ಬಿಟ್ರೆ ಇಂಥದ್ದು ಮತ್ತೆ ಬರತ್ತೋ ಇಲ್ವೋ. ಆದ್ರೆ ಕೂಸಿಗೆ ಓದದು ಅಂದ್ರೆ ಜೀವ. ಅವಳು ಪಾಸಾಗ್ತಾಳೆ ಅನ್ನೋದಾದ್ರೆ ನಾನು ಕಳಸದವ್ರಿಗೆ ಬೇಡ ಅಂತೀನಿ. ಗಂಡೂ ಕೈತಪ್ಪಿ, ಪರೀಕ್ಷೆನೂ ಹೋದ್ರೆ ನಾನು ನಾಕ್ ಜನರೆದ್ರು ತಲೆ ಎತ್ತೋ ಹಂಗಿಲ್ಲ. ನೀವು ಮೇಷ್ಟ್ರು. ವೀಳ್ಯ ಹಿಡ್ದು ಒಂದು ಮಾತು ಹೇಳಿ. ಪಾಸಾಗ್ತಾಳಾ?"

ಒಂದೇ ಒಂದು ಮಾತು. ಆಗ್ತಾಳೆ. ಇಷ್ಟು ಅಂದರೆ ಸಾಕು.

"ಪಾಸಾಗುವ ಹಾಗೆ..." ಎಂದು ರೈಟರು ಶುರು ಮಾಡಿದರು.

"ಕಾಣ್ತದೆ ಅನ್ಬೇಡಿ!" ಅಪ್ಪಯ್ಯ ಕೈ ಎತ್ತಿದರು. "ಕಾಣದು ಬೇಡ ನಂಗೆ. ಆಗ್ತಾಳೋ, ಇಲ್ವೋ?"

"ಗೌಡ್ರೇ, ಆಗುದನ್ನು ಮೊದಲೇ ಯಾರು ಹೇಳ್ಲಿಕ್ಕೆ ಆಗ್ತದೆ?"

"ಎಲ್ರೂ ಹೇಳ್ತಾರೆ ಮಾರಾಯ್ರೆ! ಊರಿಗೆ ಊರೇ ಹೇಳ್ತದೆ!"

ಹೇಳಲಿಲ್ಲ. ಹೇಳಲೇ ಇಲ್ಲ! ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು. ಈ ಮದುವೆ ಆಗಲಿ ಎಂದು ದೇವರಿಗೆ ಹರಕೆ ಹೊತ್ತಿದ್ದ ಅವ್ವನೂ ಅಡುಗೆಮನೆಯಿಂದ "ಒಂದ್ ಮಾತು ಆಡಕ್ಕೆ ಅವ್ರ ಗಂಟ್ಲಿಗೆ ಏನು ಮುಳ್ಳು ಸಿಕ್ಕಿದ್ಯಾ?" ಎಂದು ಸಿಡುಕಿದರು. ಮರುದಿನ ಅಪ್ಪಯ್ಯ ಮತ್ತೆ ಕೇಳಿದರು. ಒಂದು ವಾರ ಬಿಟ್ಟು ಮತ್ತೆ ಕೇಳಿದರು. ಅದೇ ರಾಗ. ನನ್ನ ಪರೀಕ್ಷೆ ಅರ್ಜಿಗೆ ಅಪ್ಪಯ್ಯನ ಸಹಿ ಬೀಳಬೇಕಾದ ದಿನ ಹತ್ತಿರ ಬರುತ್ತಿತ್ತು.

ಪುಟ್ಟೇಗೌಡರು ಬರುವುದಕ್ಕೆ ಎರಡು ದಿನ ಇರುವಾಗ ನಾನು ಕಣಕ್ಕೆ ಹೋದೆ. ಮಟಮಟ ಮಧ್ಯಾಹ್ನ, ಆಳುಗಳೆಲ್ಲ ಊಟಕ್ಕೆ ಹೋಗಿದ್ದರು. ರೈಟರು ಒಬ್ಬರೇ ಕಾಫಿಗೆ ಬಂದ ಕೋಳಿ ಓಡಿಸುತ್ತಿದ್ದರು.

"ನಿಮಗೆ ಒಂದ್ ಸುಳ್ಳು ಹೇಳಕ್ಕಾದ್ರೂ ಬರಲ್ವಾ?" ಎಂದೆ. ಗುರು, ಹಿರಿಯರು ಎಂಬುದೆಲ್ಲ ಮರೆತೇ ಹೋಗಿತ್ತು.

ಅವರು ಹಲಗೆ ಕೆಳಗಿಟ್ಟರು. ಆಮೇಲೆ ಹೇಳಿದರು: "ಎಂಟು ವರ್ಷ ಓದಿದ ಮೇಲೆ, ದೀಕ್ಷೆಯ ದಿನ ಎಲ್ಲರೆದುರು ನಿಂತು 'ನಾನು ನಂಬುತ್ತೇನೆ' ಅಂತ ಹೇಳ್ಬೇಕಿತ್ತು ಕಾವೇರಿ. ಒಂದೇ ವಾಕ್ಯ. ಅಮ್ಮ ಊರಿಂದ ಬಂದು ಎದುರಿನ ಸಾಲಲ್ಲಿ ಕೂತಿದ್ರು. ಹೊಸ ಸೀರೆ ಉಟ್ಟಿದ್ರು. ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಗೆ ಹೇಳುದು? ಅಮ್ಮ ಸಾಯುವವರೆಗೆ ನನ್ನ ಹತ್ರ ಮಾತಾಡ್ಲಿಲ್ಲ. ಅಮ್ಮನಿಗೆ ಹೇಳದ್ದನ್ನು ಈಗ ನಿನಗೆ ಹೇಗೆ ಹೇಳ್ಲಿ? ಹೇಳಿದ್ರೆ, ಅವತ್ತೇ ಯಾಕೆ ಹೇಳ್ಲಿಲ್ಲ?"

ಹದಿನೇಳು ವರ್ಷದ ಹುಡುಗಿಗೆ ಕರುಣೆ ಎಲ್ಲಿಂದ ಬರಬೇಕು? ನನ್ನ ಕಣ್ಣೆದುರು ಇದ್ದದ್ದು ಕಳಸದ ಆ ದೊಡ್ಡ ಮನೆಯ ಒಲೆ. "ಹೇಳದೆ ಇದ್ದಿದ್ದಕ್ಕೆ ನಿಮಗೆ ಶಾಂತಿ ಸಿಕ್ತು. ನಿಮ್ಮ ಅಮ್ಮಂಗೆ ಎಂಥ ಸಿಕ್ತು? ನಂಗೂ ಅದೇ ಸಿಗತ್ತೆ" ಎಂದುಬಿಟ್ಟೆ. ಅವರ ಮುಖ ನೋಡದೆ ತಿರುಗಿ ಬಂದೆ. ಆಡಬಾರದ ಮಾತು ಆಡಿದೆ ಎಂದು ಮೆಟ್ಟಿಲು ಹತ್ತುವಾಗಲೇ ಅನ್ನಿಸಿತು. ವಾಪಸು ಹೋಗಿ ಹೇಳುವಷ್ಟು ಒಳ್ಳೆಯವಳು ನಾನಲ್ಲ.

ಪುಟ್ಟೇಗೌಡರು ಬಂದರು. ಜೊತೆಗೆ ಇಬ್ಬರು ಹಿರಿಯರು. ಜಗಲಿಯಲ್ಲಿ ಚಾಪೆ ಹಾಸಿತ್ತು, ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟಿತ್ತು. ಅಪ್ಪಯ್ಯ ತಟ್ಟೆ ಕೈಗೆ ತೆಗೆದುಕೊಂಡು, ಕಳಸದವರ ಕಡೆ ತಿರುಗುವ ಮೊದಲು ಅಂಗಳದಲ್ಲಿ ನಿಂತಿದ್ದ ರೈಟರ ಕಡೆ ನೋಡಿದರು. ಸೋತವರ ಹಾಗೆ ನೋಡಿದರು. "ರೈಟ್ರೇ, ಕೊನೇ ಸಲ ಕೇಳ್ತಾ ಇದೀನಿ" ಎಂದರು.

ನಾನು ಈ ಸಲ ಬಾಗಿಲ ಹಿಂದೆ ಅಡಗಿರಲಿಲ್ಲ. ಹೊಸ್ತಿಲ ಮೇಲೇ ನಿಂತಿದ್ದೆ. ಅವ್ವ ಸೆರಗು ಹಿಡಿದು ಎಳೆದರೂ ಕದಲಲಿಲ್ಲ. ರೈಟರು ನನ್ನನ್ನು ನೋಡಿದರು. ಆಮೇಲೆ ಚಪ್ಪಲಿ ಕಳಚಿ ಜಗಲಿ ಹತ್ತಿ ಬಂದು ತಟ್ಟೆಯಿಂದ ಎಲೆ ತೆಗೆದುಕೊಂಡರು. ಅಡಿಕೆ ಚೂರೊಂದು ಕೆಳಗೆ ಬಿತ್ತು. ಬಗ್ಗಿ ಅದನ್ನು ಹೆಕ್ಕಿಕೊಂಡರು.

"ಪಾಸಾಗ್ತಾಳೆ" ಎಂದರು.

ಅಪ್ಪಯ್ಯನಿಗೆ ನಂಬಿಕೆ ಬರಲಿಲ್ಲ. "ಎಂಥ ಅಂದ್ರಿ?"

"ಕಾವೇರಿ ಮೆಟ್ರಿಕ್ ಪಾಸಾಗ್ತಾಳೆ."

"ಖಂಡಿತ?"

"ಖಂಡಿತ." ಎಂದವರೇ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಜಗಿಯತೊಡಗಿದರು. ಕಷಾಯ ಕುಡಿದವರ ಮುಖ ಅವರದು.

ಪುಟ್ಟೇಗೌಡರು ಕೆಂಡವಾದರು. "ಹೆಣ್ಣು ಕೇಳಕ್ಕೆ ಬಂದೋರ್ನ ಕೂರ್ಸ್ಕಂಡು ರೈಟ್ರ ಹತ್ರ ಶಾಸ್ತ್ರ ಕೇಳ್ತೀರೇನ್ರೀ ರಾಮೇಗೌಡ್ರೇ? ಆಗ್ಲಿ. ಜೂನ್‌ಗೆ ಗೊತ್ತಾಗ್ತದಲ್ಲ. ಫೇಲಾದ್ ದಿನ ಬರ್ತೀನಿ. ಹುಡ್ಗಂಗೇನು, ಕಾರ್ತೀಕಕ್ಕೂ ಮದ್ವೆ ಮಾಡ್ಬಹುದು. ಆಗ ಮಾತಾಡಣ" ಎಂದು ಎದ್ದು ಹೋದರು. ಅಪ್ಪಯ್ಯ ಅದೇ ಜಗಲಿಯಲ್ಲಿ ಕೂತು ನನ್ನ ಅರ್ಜಿಗೆ ಸಹಿ ಹಾಕಿದರು.

ಇನ್ನು ಮೇಲೆ ಎಲ್ಲ ಸುಸೂತ್ರ ಎಂದು ನಾನು ಕುಣಿಯುತ್ತಿದ್ದರೆ, ರೈಟರು ಆ ದಿನದಿಂದ ಮನುಷ್ಯರ ಹಾಗೇ ಇರಲಿಲ್ಲ. ಎಲ್ಲಿ ಹೋಯಿತೋ ಅವರ ಶಾಂತಿ! ಊಟ ಸೇರದು, ಒಂದು ಕಡೆ ಕೂರುವುದಿಲ್ಲ. ಕಾಣ್ತದೆ, ಬಹುದು ಎಲ್ಲ ಮಾಯ. "ಇದು ತಪ್ಪು! ಇದೂ ತಪ್ಪು! ಮತ್ತೆ ಮಾಡು!" ಎಂದು ಲೆಕ್ಕದ ಸ್ಲೇಟು ನೆಲಕ್ಕೆ ಕುಕ್ಕುತ್ತಿದ್ದರು. ಪದ್ಯ ಓದೋಣ ಎಂದರೆ "ಪದ್ಯ ನಿನಗೆ ಬರ್ತದೆ, ತೊಟ್ಟಿ ತುಂಬಿಸು" ಎಂದು ಗದರುತ್ತಿದ್ದರು. ಎರಡು ತಿಂಗಳಲ್ಲಿ ಎಷ್ಟು ತೊಟ್ಟಿ ತುಂಬಿಸಿದೆನೋ, ಎಷ್ಟು ರೈಲು ಎದುರುಬದುರು ಓಡಿಸಿದೆನೋ, ನಾನು ಕಂಡರಿಯದ ರೈಲು! ಸಂಶಯವಾದಿಯ ಕೈಕೆಳಗೆ ಓದುವುದೇ ಕಷ್ಟ ಎಂದುಕೊಂಡಿದ್ದೆ. ಸಂಶಯ ಬಿಟ್ಟವನ ಕೈಕೆಳಗೆ ಓದಿದ ಮೇಲೆ ಹಿಂದಿನದೇ ವಾಸಿ ಅನ್ನಿಸಿತು.

ಮಾರ್ಚಿನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂವಾಗಿದ್ದ ವಾರವೇ ಪರೀಕ್ಷೆ. ಅಪ್ಪಯ್ಯ ನನ್ನನ್ನು ಮೋಟಾರು ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ನೆಂಟರ ಮನೆಯಲ್ಲಿ ಇಳಿಸಿದರು. ಲ್ಯಾಟಿನ್ ಪತ್ರಿಕೆಯ ದಿನ ಇಡೀ ಕೋಣೆಗೆ ನಾನೊಬ್ಬಳೇ. ಕಾವಲಿಗೆ ಬಂದ ಮೇಷ್ಟರು ಪ್ರಶ್ನೆಪತ್ರಿಕೆಯನ್ನು ಮೇಲೆ ಕೆಳಗೆ ನೋಡಿ "ಇದು ಎಂಥದಮ್ಮ ಇದು, ನಿಜವಾಗ್ಲೂ ಓದ್ತೀರಾ ಇದನ್ನ?" ಎಂದರು. ನಾನು ಅದರಲ್ಲಿದ್ದ ಪದ್ಯಕ್ಕೆ ಗಣ ಹಾಕಿ, ಅನ್ವಯ ಮಾಡಿ, ಇಂಗ್ಲಿಷಿಗೆ ಇಳಿಸಿ, ಒಂದು ಗಂಟೆ ಮೊದಲೇ ಮುಗಿಸಿದೆ. ಕಾಲಲ್ಲಿ ತಾಳ ಹಾಕುತ್ತಾ ಕೂತಿದ್ದೆ.

ಲೆಕ್ಕದ ದಿನದ ಮಾತು ಬೇಡ. ತೊಟ್ಟಿ ಬರಲಿಲ್ಲ, ರೈಲು ಬರಲಿಲ್ಲ. ನಾವು ಮಾಡಿದ ಒಂದೂ ಬರಲಿಲ್ಲ. ಹೊಲ ಅಳೆಯುವ ಲೆಕ್ಕ ಕೊಟ್ಟಿದ್ದರು. ಅರವತ್ತು ಎಕರೆಯ ಯಜಮಾನನ ಮಗಳು, ಹೊಲದ ಮೇಲೆ ಪದ್ಯ ಬರೆದ ಕವಿಗಳನ್ನು ಬಾಯಿಪಾಠ ಮಾಡಿದವಳು, ಒಂದು ಮೂಲೆಮುಕ್ಕು ಹೊಲ ಅಳೆಯಲಾರದೆ ಬಿಳಿ ಹಾಳೆ ಕೊಟ್ಟು ಎದ್ದು ಬಂದೆ.

ಜೂನ್ ಮೊದಲ ವಾರ ಫಲಿತಾಂಶ ಬಂತು. ಅಪ್ಪಯ್ಯ ಮೂಡಿಗೆರೆಗೆ ಹೋಗಿ ಪೇಪರು ತಂದರು. ನನ್ನ ನಂಬರು ಇರಲಿಲ್ಲ. ಅಪ್ಪಯ್ಯ ಪೇಪರನ್ನು ಮಡಿಸಿ ಜಗಲಿಯ ಮೇಲಿಟ್ಟು ಕೂತರು. ನನಗೆ ಅಳು ಬರಲಿಲ್ಲ, ಉರಿ ಬಂತು. ಕಳಸದ ಮನೆಯ ಮೇಲಲ್ಲ, ಲೆಕ್ಕದ ಮೇಲೂ ಅಲ್ಲ. ರೈಟರ ಮೇಲೆ! ಖಂಡಿತ ಅಂದಿದ್ದರಲ್ಲ! ಜನ್ಮದಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿದ್ದೂ ಸುಳ್ಳಾಗಬೇಕಾ?

ಸುದ್ದಿಗೆ ಕಾಲಿರುತ್ತದೆ. ಎರಡು ದಿನಕ್ಕೆ ಪುಟ್ಟೇಗೌಡರು ಹಾಜರ್. ಹೇಳಿದಂತೆಯೇ ಬಂದರು. ಛತ್ರಿ ಮಡಿಸುತ್ತಾ, ಮೀಸೆಯಡಿಯಲ್ಲಿ ನಗುತ್ತಾ ಜಗಲಿಯಲ್ಲಿ ಕೂತರು. ಅದೇ ಹೊತ್ತಿಗೆ ರೈಟರೂ ಬಂದರು. ಕೈಯಲ್ಲಿ ಗೋದಾಮಿನ ಬೀಗದ ಕೈ ಗೊಂಚಲು, ಬಗಲಲ್ಲಿ ತಮ್ಮ ಬಟ್ಟೆಗಂಟು. ಬೀಗದ ಕೈಯನ್ನು ಅಪ್ಪಯ್ಯನ ಕಾಲ ಹತ್ತಿರ ಇಟ್ಟರು.

"ವೀಳ್ಯ ತಿಂದು ಆಡಿದ ಮಾತು ಬಿತ್ತು ಗೌಡ್ರೇ. ಇನ್ನು ನಾನು ಈ ಮನೆಯಲ್ಲಿ ಇರುದು ಸರಿಯಲ್ಲ." 'ಸರಿಯಲ್ಲ ಅಂತ ಕಾಣ್ತದೆ' ಎಂದು ಕೂಡ ಅನ್ನಲಿಲ್ಲ.

"ಬಿತ್ತಲ್ಲ!" ಎಂದರು ಪುಟ್ಟೇಗೌಡರು. "ನಾನು ಅವತ್ತೇ ಅಂದಿದ್ದೆ. ಹೋಗ್ಲಿ ಬಿಡಿ, ನಮ್ಮ ಹುಡ್ಗ ಇನ್ನೂ ಹಂಗೇ ಇದಾನೆ. ವೀಳ್ಯ ತರ್ಸಿ."

ಅಪ್ಪಯ್ಯ ಆ ಬೀಗದ ಕೈ ನೋಡುತ್ತಾ ಕೂತಿದ್ದರು. ನಾನು ಹೊಸ್ತಿಲಲ್ಲಿ ನಿಂತು, ಈಗ ಅವ್ವನನ್ನು ಕರೆಯುತ್ತಾರೆ, ತಟ್ಟೆ ತಾ ಅನ್ನುತ್ತಾರೆ ಎಂದು ಕಾಯುತ್ತಿದ್ದೆ.

"ಎಲ್ಲಿ ಬಿತ್ತು?" ಎಂದರು ಅಪ್ಪಯ್ಯ.

"ಎಂಥ?"

"ಮಾತು. ಎಲ್ಲಿ ಬಿತ್ತು ಅಂತ. ಪಾಸಾಗ್ತಾಳೆ ಅಂದ್ರು. ನಾನು ಖಂಡಿತ್ವಾ ಅಂತ ಕೇಳ್ದೆ, ಖಂಡಿತ ಅಂದ್ರು. ಯಾವ ವರ್ಷ ಅಂತ ನಾನು ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ. ನನ್ನ ಜಗಲೀಲಿ, ನನ್ನ ತಟ್ಟೆ ವೀಳ್ಯ ತಿಂದು ಆಡಿರೋ ಮಾತು ಪುಟ್ಟೇಗೌಡ್ರೇ. ಅದು ನಡೆಯೋವರ್ಗೂ ಈ ಕೂಸಿನ ಮೇಲೆ ಇನ್ನೊಂದು ವೀಳ್ಯ ನಾನು ಕೊಡೋ ಹಂಗಿಲ್ಲ." ಆಮೇಲೆ ಬೀಗದ ಕೈ ಎತ್ತಿ ರೈಟರ ಕೈಗೆ ತುರುಕಿದರು. "ನೀವೂ ಹೋಗೋ ಹಂಗಿಲ್ಲ. ಮಾತು ಕೊಟ್ಟೋರು ನೀವು. ಎಲ್ಲಿಗೆ ಓಡ್ತೀರಿ? ಗಂಟು ಒಳಗಿಡಿ."

ಪುಟ್ಟೇಗೌಡರು ಬೈದುಕೊಂಡು ಮಳೆಯಲ್ಲೇ ಹೋದರು. ಅವ್ವ ಒಳಗೆ ತಲೆ ಮೇಲೆ ಕೈ ಹೊತ್ತು ಕೂತರು. ರೈಟರು ಜಗಲಿಯ ಅಂಚಿನಲ್ಲಿ, ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಪ್ಪಯ್ಯ ತೋಟಕ್ಕೆ ಹೋದ ಮೇಲೆ ನಾನು ಅವರ ಹತ್ತಿರ ಹೋದೆ. ಎರಡು ದಿನದಿಂದ ಕಟ್ಟಿಟ್ಟುಕೊಂಡಿದ್ದ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು.

"ಒಂದು ಮಾತು ಹೇಳಿ ರೈಟ್ರೇ. ಅವತ್ತು ಖಂಡಿತ ಅಂದ್ರಲ್ಲ, ಆಗ ನಿಮಗೆ ನಾನು ಪಾಸಾಗ್ತೀನಿ ಅಂತ ಅನ್ನಿಸಿತ್ತಾ?"

ಅವರು ತಲೆ ಎತ್ತಲಿಲ್ಲ. "ಇಲ್ಲ" ಎಂದರು. ಅವರ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. "ಲೆಕ್ಕದಲ್ಲಿ ನೀನು ಫೇಲಾಗ್ತಿ ಅಂತ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಹೇಳಿದ್ರಿ?"

"ನೀನು ಬಾಗಿಲಲ್ಲಿ ನಿಂತಿದ್ದೆಯಲ್ಲ ಮಾರಾಯ್ತಿ" ಎಂದರು. ಅಷ್ಟು ಹೇಳಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ಕೂತರು. ಒರೆಸಿದಷ್ಟೂ ಅದು ಒದ್ದೆಯೇ ಆಗುತ್ತಿತ್ತು.

ಬೈಗುಳವೆಲ್ಲ ನುಂಗಿಕೊಂಡು ಒಳಗೆ ಹೋಗಿ ಲೆಕ್ಕದ ಪುಸ್ತಕ ತಂದೆ. ಮುಂದಿನ ವರ್ಷವೂ ಫೇಲಾದೆ. ಅದರ ಮುಂದಿನ ವರ್ಷ ಪಾಸಾದೆ. ಆ ಮನುಷ್ಯ ಸುಳ್ಳೆಂದು ಗೊತ್ತಿದ್ದೂ ಹೇಳಿದ್ದು ಜೀವಮಾನದಲ್ಲಿ ಅದೊಂದೇ ಮಾತು. ಅದನ್ನು ನಿಜ ಮಾಡಲಿಕ್ಕೆ ನಾನು ಇನ್ನೆರಡು ವರ್ಷ ಆ ದರಿದ್ರ ಹೊಲ ಅಳೆಯಬೇಕಾಯಿತು.